ಪಟ್ಟೆ ಡೋಲು ತಿರುಗಿಸುವ ಮೌನಗೌರಿ

ಬೆಳಗಿನ ಬೆಳಕು ಇನ್ನೂ ಕಿಟಕಿಯ ಸರಳುಗಳ ಆಚೆಯೇ ಇದೆ. ಕಣ್ಣಾಸ್ಪತ್ರೆಯ ಮಹಡಿಯ ಕೊನೆಯ ಕೋಣೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಕಣ್ಣು ಮುಚ್ಚಿ, ಡೋಲೊಂದಕ್ಕೆ ಕಿವಿ ಹಚ್ಚಿ ನಿಂತಿದ್ದಾರೆ. ಎಡಗೈಯಲ್ಲಿ ಅದರ ಮರದ ಹಿಡಿ. ಬಲಗೈಯ ತೋರುಬೆರಳಿನಿಂದ ಮೆಲ್ಲನೆ ಒಂದು ತಳ್ಳು. ಡೋಲು ಬಲಕ್ಕೆ ಸುತ್ತುತ್ತದೆ, ಏನೂ ಕೇಳಿಸುವುದಿಲ್ಲ. ಇನ್ನೊಂದು ತಳ್ಳು, ಈ ಸಲ ಎಡಕ್ಕೆ. ಎಲ್ಲೋ ಒಳಗೆ, ಇರುವೆ ಸೀನಿದಷ್ಟು, ಒಂದು ಕಿರ್.

"ಸಿಕ್ಕಿಬಿದ್ಯಾ ಕಳ್ಳ" ಎನ್ನುತ್ತಾರೆ ಅವರು. ಮೇಜಿನ ಮೇಲಿನ ಎಣ್ಣೆ ಕುಪ್ಪಿಯಿಂದ ಒಂದು ತೊಟ್ಟು ಬಿಟ್ಟು, ಒರೆಸಿ, ಮತ್ತೆ ತಿರುಗಿಸಿ, ಮತ್ತೆ ಕಿವಿ ಹಚ್ಚುತ್ತಾರೆ. ಬೀದಿಯಲ್ಲಿ ಹಾಲಿನ ಗಾಡಿ ಹೋಗುತ್ತದೆ. ಕೆಳಗೆ ಯಾರೋ ಶಟರ್ ಎತ್ತುತ್ತಾರೆ. ಡೋಲು ಮಾತ್ರ ತುಟಿ ಪಿಟಕ್ಕೆನ್ನದೆ ಸುತ್ತುತ್ತದೆ. ಇವತ್ತಿನ ಕೆಲಸಕ್ಕೆ ಅದು ತಯಾರು.

ಇದು ಬಾರಿಸುವ ಡೋಲಲ್ಲ, ಸದ್ದೇ ಮಾಡಬಾರದ ಡೋಲು. ಸಣ್ಣ ಬಕೆಟ್ಟಿನಷ್ಟು ದೊಡ್ಡ ತಗಡಿನ ಉರುಳೆ. ಮೈತುಂಬ ನೆಟ್ಟಗೆ ಕಪ್ಪು ಪಟ್ಟೆ, ಬಿಳಿ ಪಟ್ಟೆ, ಮತ್ತೆ ಕಪ್ಪು. ಮಾತು ಬಾರದ ಕೂಸುಗಳಿಗೆ ಕಣ್ಣು ಕಾಣುತ್ತದೆಯೇ ಎಂದು ತಿಳಿಯಲು ಈ ಕೋಣೆಯಲ್ಲಿ ಮೊದಲು ಕೈಗೆತ್ತಿಕೊಳ್ಳುವುದು ಇದನ್ನೇ. ಮೂರು ತಿಂಗಳ ಮಗುವಿಗೆ ಗೋಡೆಯ ಮೇಲಿನ ಅಕ್ಷರ ಓದು ಎನ್ನಲಾದೀತೇ? ಹಾಗಾಗಿ ಮಗುವನ್ನು ಬಿಟ್ಟು ನೇರವಾಗಿ ಅದರ ಕಣ್ಣನ್ನೇ ಕೇಳುವುದು. ಕಣ್ಣಿನ ಮುಂದೆ ಪಟ್ಟೆಗಳು ಸರಿದುಹೋದರೆ ಕಾಣುವ ಕಣ್ಣು ಸುಮ್ಮನಿರಲಾರದು. ಒಂದು ಪಟ್ಟೆಯ ಬೆನ್ನು ಹಿಡಿದು ಅದರ ಜೊತೆ ಜಾರುತ್ತದೆ. ಇನ್ನು ಆಗುವುದಿಲ್ಲ ಎಂದಾಗ ತಟಕ್ಕನೆ ಹಿಂದಕ್ಕೆ ಜಿಗಿದು ಇನ್ನೊಂದನ್ನು ಹಿಡಿಯುತ್ತದೆ. ರೈಲಿನ ಕಿಟಕಿಯಿಂದ ಹೊರಗೆ ನೋಡುವವರ ಕಣ್ಣನ್ನು ಪಕ್ಕದಲ್ಲಿ ಕೂತು ಗಮನಿಸಿ. ಒಂದೊಂದು ಕಂಬಕ್ಕೂ ಹೀಗೆಯೇ ಜಾರಿ ಜಿಗಿಯುತ್ತಿರುತ್ತದೆ. ಅವರಿಗದು ಗೊತ್ತೇ ಇರುವುದಿಲ್ಲ.

ವೈದ್ಯರ ಪುಸ್ತಕದಲ್ಲಿ ಇದಕ್ಕೆ ನಾಲಿಗೆ ಹೊರಳದ ಹೆಸರಿದೆ. ಈ ಕೋಣೆಯಲ್ಲಿ ಇದು 'ಜಾರುಜಿಗಿ'. ಹೆಸರಿಟ್ಟವರು ಡೋಲು ತಿರುಗಿಸುವ ಇವರೇ. ಈಗ ಡಾಕ್ಟರಮ್ಮನೂ "ಜಾರುಜಿಗಿ ಬಂತಾ ಅಕ್ಕ?" ಎಂದೇ ಕೇಳುತ್ತಾರೆ.

ಆಸ್ಪತ್ರೆಯವರು ಇವರಿಗೆ ಇಟ್ಟ ಹೆಸರು ಮೌನಗೌರಿ. ಇದರಲ್ಲಿ ಒಂದು ಕುಚೋದ್ಯವಿದೆ. ಕೋಣೆಯ ಹೊರಗೆ ಇವರ ಮಾತು ಅರಳು ಹುರಿದಂತೆ. ಗೇಟಿನ ಕಾವಲುಗಾರನಿಂದ ಹಿಡಿದು ಲಿಫ್ಟಿನಲ್ಲಿ ಸಿಕ್ಕ ಅಪರಿಚಿತರವರೆಗೆ ಯಾರನ್ನೂ ಬಿಡುವುದಿಲ್ಲ. ಚೀಟಿ ಬರೆಯುವ ಗುಮಾಸ್ತರು ಹೇಳುವಂತೆ, "ಇವರು ಮೆಟ್ಟಿಲು ಹತ್ತೋದು ಕಾಣ್ಸೋದಕ್ಕೆ ಮುಂಚೆ ಕೇಳ್ಸತ್ತೆ." ಅದೇ ಹೆಂಗಸು ಡೋಲು ಕೈಗೆತ್ತಿಕೊಂಡ ಕೂಡಲೇ ಬಾಯಿಗೆ ಬೀಗ. ಕೆಮ್ಮು ಬಂದರೆ ನುಂಗುತ್ತಾರೆ. ಚಪ್ಪಲಿ ಬಾಗಿಲ ಹೊರಗೆ. ಸೀರೆಯೂ ಹಳೆಯದು, ತೊಳೆದು ತೊಳೆದು ಮೆತ್ತಗಾದದ್ದು. ಹೊಸ ಬಟ್ಟೆ ಸರಬರ ಎನ್ನುತ್ತದೆ.

"ಕೂಸುಗಳಿಗೆ ಕಿವಿ ಬಲು ಚುರುಕು ಕಣ್ರೀ" ಎಂದು ಕಾರಿಡಾರಿನಲ್ಲಿ ವಿವರಿಸುತ್ತಾರೆ. "ಡೋಲು ಕಿರ್ ಅಂದ್ರೆ ಸಾಕು, ಸದ್ದು ಬಂದ ಕಡೆ ಕಣ್ಣು ತಿರುಗಿಸ್ಬಿಡತ್ತೆ. ನಾವು ಕಾಣ್ತು ಅಂತ ಕುಣಿಯೋದು. ಅದು ಕಂಡಿದ್ದಲ್ಲ, ಕೇಳಿದ್ದು. ಕಿವಿ ಮಾಡಿದ ಕೆಲಸಕ್ಕೆ ಕಣ್ಣಿಗೆ ಮಾರ್ಕು ಕೊಟ್ಟ ಹಾಗಾಗತ್ತೆ."

ಇಂಥ ಮಾತಿನಮಲ್ಲಿಯ ಕೈಗೆ ಈ ಮೌನದ ಕೆಲಸ ಸಿಕ್ಕಿದ್ದು ಆಕಸ್ಮಿಕ. ಮೊದಲು ಇವರು ದಾರದ ಕಾರ್ಖಾನೆಯಲ್ಲಿದ್ದರು. ಕಡಿದ ಲಡಿಗಳನ್ನು ಕೈಯಿಂದ ಉಂಡೆ ಸುತ್ತುವ ಕೆಲಸ. ಕೈ ಅವಸರ ಮಾಡಿದರೆ ದಾರ ಕಡಿಯುತ್ತದೆ, ತಡ ಮಾಡಿದರೆ ಜೋಲುತ್ತದೆ. ಮದುವೆಗೆ ಮೊದಲಿನಿಂದ ಮಕ್ಕಳಿಬ್ಬರು ದೊಡ್ಡವರಾಗುವವರೆಗೂ ಆ ಒಂದೇ ಹದದಲ್ಲಿ ಕೈ ಸುತ್ತಿತು. ಕಾರ್ಖಾನೆ ಮುಚ್ಚಿದಾಗ ನೆಲ ಒರೆಸುವವರಾಗಿ ಈ ಆಸ್ಪತ್ರೆಗೆ ಬಂದರು. ಡೋಲು ತಿರುಗಿಸುತ್ತಿದ್ದ ನರ್ಸ್ ಹೆರಿಗೆಗೆ ಹೋದಾಗ ಡಾಕ್ಟರಮ್ಮನಿಗೆ ತಲೆಬಿಸಿ. ಒಬ್ಬರು ತಿರುಗಿಸಿದರೆ ಗಿರಗಿಟ್ಲೆ, ಇನ್ನೊಬ್ಬರು ತಿರುಗಿಸಿದರೆ ಎತ್ತಿನ ಗಾಣ. ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಿದ್ದ ಇವರನ್ನು ಕರೆದು, "ಅಕ್ಕ, ಕೈ ಒರೆಸ್ಕೊಂಡು ಸ್ವಲ್ಪ ಇದನ್ನ ತಿರುಗ್ಸಿ" ಎಂದರು. ಇವರು ತಿರುಗಿಸಿದರು. ನರ್ಸ್ ವಾಪಸ್ ಬಂದ ಮೇಲೂ ಡೋಲು ಇವರ ಕೈಬಿಡಲಿಲ್ಲ.

"ಜಾಸ್ತಿ ಜೋರಾದ್ರೆ ಕಪ್ಪೂ ಬಿಳೀನೂ ಕಲಸಿ ಬೂದಿ ಬಣ್ಣ ಆಗ್ಬಿಡತ್ತೆ. ಬೂದಿಯಲ್ಲಿ ಹಿಡಿಯೋಕೆ ಏನಿದೆ? ಕಣ್ಣು ಕೈಚೆಲ್ಲತ್ತೆ. ಜಾಸ್ತಿ ನಿಧಾನ ಆದ್ರೆ ಕೂಸಿಗೆ ಬೇಜಾರು, ಸೂರು ನೋಡತ್ತೆ. ನಡುವೆ ಒಂದು ಹದ ಇದೆ. ಅದು ನನ್ನ ಬೆರಳಿಗೆ ಗೊತ್ತು, ನನಗೆ ಗೊತ್ತಿಲ್ಲ."

ಡೋಲಿನ ಕಿರಿಕಿರಿಗೆ ಮದ್ದು ಮಾಡಿದವರು ಇವರ ಗಂಡ. ಬೀದಿಯ ಮೂಲೆಯಲ್ಲಿ ಸೈಕಲ್ ರಿಪೇರಿ ಅಂಗಡಿ. ಮೊದಲು ಡೋಲು ಮೊಳೆಯ ಮೇಲೆ ಸುತ್ತುತ್ತಿತ್ತು, ಗಂಟೆಗೊಮ್ಮೆ ಕಿರುಗುಟ್ಟುತ್ತಿತ್ತು. ಇವರು ಡಾಕ್ಟರಮ್ಮನ ಒಪ್ಪಿಗೆ ಪಡೆದು ಅದನ್ನು ಮನೆಗೆ ತಂದಾಗ ಗಂಡ ಹಳೆಯ ಸೈಕಲ್ ಚಕ್ರದ ನಡುವಿನ ಗುಂಬ ಬಿಚ್ಚಿ, ಒಳಗಿನ ಗುಂಡುಗಳನ್ನು ತೊಳೆದು, ಡೋಲಿನ ಹೊಟ್ಟೆಗೆ ಕೂರಿಸಿದರು.

"ಊರವರೆಲ್ಲ ಬೆಲ್ ಹಾಕಿಸ್ಕೊಳ್ಳೋಕೆ ಬರ್ತಾರೆ. ಸದ್ದು ತೆಗೆಸೋಕೆ ಬಂದೋಳು ಇವಳೊಬ್ಳೇ" ಎಂದು ಅವರು ಸ್ಪೋಕ್ ಬಿಗಿಯುತ್ತಲೇ ನಗುತ್ತಾರೆ. "ಎಣ್ಣೆ ಒಂದಿಷ್ಟು ಮಿಕ್ಕಿತ್ತು. ಇವಳಿಗೂ ಹಾಕೋಣ ಅಂದ್ಕೊಂಡೆ."

"ನನಗೆ ಎಣ್ಣೆ ಹಾಕಿದ್ರೆ ಇನ್ನೂ ಜೋರಾಗಿ ಓಡ್ತೀನಿ ರೀ" ಎನ್ನುತ್ತಾರೆ ಹೆಂಡತಿ.

ಕೋಣೆಯಲ್ಲಿ ನಗುವಿಗೇನೂ ಬರವಿಲ್ಲ. ಡೋಲು ತಿರುಗುವಾಗ ಇವರು ಡೋಲನ್ನು ನೋಡುವುದೇ ಇಲ್ಲ. ಇವರ ಕಣ್ಣೆಲ್ಲ ಮಗುವಿನ ಕಣ್ಣಿನ ಮೇಲೆ. ಆದರೆ ಅಪ್ಪಂದಿರು ಬಾಯಿ ಬಿಟ್ಟುಕೊಂಡು ಡೋಲನ್ನೇ ನೋಡುತ್ತಾರೆ. ಡೋಲು ನಿಂತ ಮೇಲೆ ಅವರು ಗೋಡೆ ನೋಡಿದರೆ, ಗೋಡೆ ಮೆಲ್ಲಗೆ ಉಲ್ಟಾ ಕಡೆಗೆ ಹರಿಯತೊಡಗುತ್ತದೆ. ಕುಸ್ತಿಪಟುವಿನಂಥ ಒಬ್ಬರು ಹಾಗೆಯೇ ಕುರ್ಚಿ ಹಿಡಿದು ಕೂತು, "ಡಾಕ್ಟ್ರೇ, ಮಗೂದು ಆಮೇಲೆ, ಮೊದ್ಲು ನನ್ನ ನೋಡಿ" ಅಂದಿದ್ದರಂತೆ. ಡಾಕ್ಟರಮ್ಮ ಅದನ್ನು ಹಗ್ಗಜಗ್ಗಾಟಕ್ಕೆ ಹೋಲಿಸುತ್ತಾರೆ. ಬಲಕ್ಕೆ ಸರಿಯುವುದನ್ನು ಗುರುತಿಸುವ ನರಕೋಶಗಳ ಗುಂಪೊಂದು, ಎಡಕ್ಕೆ ಸರಿಯುವುದನ್ನು ಗುರುತಿಸುವ ಗುಂಪೊಂದು ನಮ್ಮ ಮಿದುಳಿನಲ್ಲಿ ಸದಾ ಹಗ್ಗ ಎಳೆಯುತ್ತಿರುತ್ತವೆ. ಬಲ ಸಮವಾಗಿದ್ದರೆ ಲೋಕ ನಿಂತಂತೆ ಕಾಣುತ್ತದೆ. ಡೋಲು ನೋಡಿ ನೋಡಿ ಒಂದು ಗುಂಪು ದಣಿದರೆ, ಕೆಲ ಕ್ಷಣ ಇನ್ನೊಂದರ ಕೈ ಮೇಲು. ನಿಂತ ಗೋಡೆಯೂ ಆಗ ನಡೆಯುತ್ತದೆ.

ಎಲ್ಲ ದಿನಗಳೂ ನಗುವಿನವಲ್ಲ. ದಿನಕ್ಕೆ ಹತ್ತು ಹನ್ನೆರಡು ಮಕ್ಕಳು ಬರುತ್ತಾರೆ. ಸಂಜೆ ಹೊತ್ತಿಗೆ ಎಡ ಭುಜ ಕಲ್ಲಾಗಿರುತ್ತದೆ. ಭುಜದ ನೋವಿನ ಬಗ್ಗೆ ಕೇಳಿದರೆ ಮಾತು ಹಾರಿಸುವ ಇವರು ಇನ್ನೊಂದು ನೋವಿನ ಬಗ್ಗೆ ತಾವಾಗಿಯೇ ಹೇಳುತ್ತಾರೆ. ಕೆಲವು ಕಣ್ಣುಗಳು ಅಲ್ಲಾಡುವುದಿಲ್ಲ. ಪಟ್ಟೆಗಳು ಸರಿಯುತ್ತಲೇ ಇರುತ್ತವೆ, ಕಣ್ಣು ಸುಮ್ಮನೆ ತೆರೆದಿರುತ್ತದೆ. ಆಗಲೂ ಇವರು ಅದೇ ಹದದಲ್ಲಿ ತಿರುಗಿಸುತ್ತಾರೆ, ಡಾಕ್ಟರಮ್ಮ ಸಾಕು ಎನ್ನುವವರೆಗೆ.

"ನಾನಾಗೇ ನಿಲ್ಲಿಸಿದ್ರೆ ತಾಯಿಗೆ ಗೊತ್ತಾಗ್ಬಿಡತ್ತೆ. ಹೇಳೋದು ಡಾಕ್ಟ್ರ ಕೆಲಸ, ಅವರಿಗೆ ಹೇಳೋ ರೀತಿ ಗೊತ್ತು. ನನ್ನ ಕೈ ಮುಂಚೇನೇ ಹೇಳ್ಬಾರ್ದು."

ಇವತ್ತು ಮೊದಲು ಬಂದದ್ದು ಒಂದು ಟ್ಯಾಕ್ಸಿ ಕುಟುಂಬ. ಅಪ್ಪ ಟ್ಯಾಕ್ಸಿ ಓಡಿಸುವವರು. ಜೊತೆಗೆ ಅವರ ತಾಯಿ, ಹೆಂಡತಿ. ಹೆಂಡತಿಯ ಮಡಿಲಲ್ಲಿ ಮೂರೂವರೆ ತಿಂಗಳ ಹೆಣ್ಣು ಕೂಸು, ಪುಟ್ಟಿ. ಅಪ್ಪನಿಗೂ ಅಜ್ಜಿಗೂ ಮಗುವಿಗೆ ಏನೂ ಆಗಿಲ್ಲವೆಂಬ ನಂಬಿಕೆ ಗಟ್ಟಿ.

"ನಾನು ಕೀ ಗೊಂಚಲು ತೋರಿಸಿದ್ರೆ ಟಕ್ ಅಂತ ನೋಡ್ತಾಳೆ ಡಾಕ್ಟ್ರೇ. ಇವಳಿಗೆ ಸುಮ್ನೆ ಅನುಮಾನ" ಎಂದರು ಅಪ್ಪ.

"ಬಾಣಂತಿ ಮನಸ್ಸು, ಇಲ್ಲದ್ದೆಲ್ಲ ತೋಚತ್ತೆ" ಎಂದರು ಅಜ್ಜಿ. "ನಾನು ಕೂಗಿದ್ರೆ ಹೇಗೆ ತಿರುಗ್ತಾಳೆ ಗೊತ್ತಾ ಈ ಕಳ್ಳಿ."

ಡಾಕ್ಟರಮ್ಮ ಪುಟ್ಟಿಯ ತಾಯಿಯ ಕಡೆಗೇ ತಿರುಗಿ ಕೂತ ಮೇಲೆ ಅವರು ಬಾಯಿಬಿಟ್ಟರು. "ಹಾಲು ಕುಡಿಸುವಾಗ ನನ್ನ ಮುಖದ ಆಚೆ ಎಲ್ಲೋ ನೋಡ್ತಾಳೆ. ನಾನು ಅಲ್ಲಿ ಇಲ್ಲದ ಹಾಗೆ."

ಮೌನಗೌರಿ ಡೋಲು ಎತ್ತಿದರು. ಪಟ್ಟೆಗಳು ಬಲಕ್ಕೆ ಸರಿದವು. ಪುಟ್ಟಿಯ ಕಣ್ಣು ಒಮ್ಮೆ ಬಲಕ್ಕೆ ಹೊರಳಿತು. ಸ್ವಲ್ಪ ತಡೆದು ಇನ್ನೊಮ್ಮೆ. "ಅಗೋ, ನೋಡಿದ್ಲು" ಎಂದು ಅಜ್ಜಿ ಸೊಸೆಯ ಭುಜ ತಟ್ಟಿದರು. ಅಪ್ಪನ ಮುಖ ಊರಗಲ. ತಾಯಿಯ ಕಣ್ಣು ಮಾತ್ರ ಡೋಲು ಹಿಡಿದ ಕೈಯ ಮೇಲಿತ್ತು.

ಆ ಕೈ ನಿಂತಿತು.

ತಾಯಿಯ ಮುಖದ ಬಣ್ಣ ಇಳಿಯಿತು. ಮೌನಗೌರಿ ಡೋಲನ್ನು ಮೇಜಿನ ಮೇಲಿಟ್ಟು, ಬಲಗಡೆ ಕೂತಿದ್ದ ಅಪ್ಪನ ಮುಂದೆ ಅಂಗೈ ಚಾಚಿದರು. ಅವರಿಗೆ ಅರ್ಥವಾಗಲಿಲ್ಲ. ಅವರ ಮೊಣಕಾಲು ಮಾತ್ರ ಕುಣಿಯುತ್ತಲೇ ಇತ್ತು. ಕುಣಿದಾಗೊಮ್ಮೆ ಜೇಬಿನೊಳಗಿಂದ ಕೀ ಗೊಂಚಲಿನ ಕಿಣಿಕಿಣಿ. ಕೂಸಿನ ಕಣ್ಣು ಹೊರಳಿದ್ದು ಆ ಕಡೆಗೆ. ಮನೆಯಲ್ಲಿ ಅದು 'ನೋಡುತ್ತಿದ್ದುದೂ' ಈ ಸದ್ದನ್ನೇ. ಅಪ್ಪ ಕೀ ಕೊಟ್ಟರು. ಮೌನಗೌರಿ ಅದನ್ನು ಕರವಸ್ತ್ರದಲ್ಲಿ ಸುತ್ತಿ ಕಾರಿಡಾರಿನ ಬೆಂಚಿನ ಮೇಲಿಟ್ಟು ಬಂದರು.

ಎರಡನೆಯ ಸಲ ಡೋಲು ಸುತ್ತಿದಾಗ ಪುಟ್ಟಿಯ ಕಣ್ಣು ಅಲ್ಲಾಡಲಿಲ್ಲ.

ಮೌನದಲ್ಲೂ ಬಗೆಗಳಿವೆ. ಏನೋ ಬರಲಿದೆ ಎಂದು ಕಾಯುವ ಮೌನ ಹಗುರ. ಬರಲಿಲ್ಲ ಎಂದು ತಿಳಿದ ಮೇಲಿನದು ಕಾಲಿಗೆ ಕಟ್ಟಿದ ಗುಂಡು. ಕೋಣೆಯಲ್ಲೀಗ ಎರಡನೆಯದಿತ್ತು. ಬೆರಳು ಮಾತ್ರ ತನ್ನ ಹದ ಬಿಡದೆ ಒಂದು ಪಟ್ಟೆ, ಇನ್ನೊಂದು ಪಟ್ಟೆ ಎಂದು ಸರಿಸುತ್ತಲೇ ಇತ್ತು. ಆಗ ಪುಟ್ಟಿ ಬಾಯಿ ಅಗಲಿಸಿ ದೊಡ್ಡದೊಂದು ಆಕಳಿಕೆ ತೆಗೆದಳು.

"ಸಾಕು ಅಕ್ಕ" ಎಂದರು ಡಾಕ್ಟರಮ್ಮ. "ಇವಳಿಗೆ ನಿದ್ದೆ. ನಿದ್ದೆಗಣ್ಣು ಯಾವ ಉತ್ತರಾನೂ ಕೊಡಲ್ಲ. ಮಲಗಿಸಿ, ಎದ್ದ ಮೇಲೆ ಹಾಲು ಕುಡಿಸಿ ಕರ್ಕೊಂಡು ಬನ್ನಿ. ದಪ್ಪ ಪಟ್ಟೆ ಡೋಲಲ್ಲಿ ನೋಡೋಣ. ಇವತ್ತೇ ನೋಡೋಣ."

ಕಾರಿಡಾರಿನ ಬೆಂಚಿನಲ್ಲಿ ಮಗು ಮಲಗಿತು. ಅಪ್ಪ ಕರವಸ್ತ್ರದ ಗಂಟನ್ನು ಕೈಯಲ್ಲಿ ಹಿಡಿದು, ಅದು ತಮ್ಮದಲ್ಲ ಎಂಬಂತೆ ನೋಡುತ್ತ ನಿಂತರು. "ಇಷ್ಟು ದಿನ ನಾನೇ ನನ್ನ ಕಣ್ಣಿಗೆ ಮಣ್ಣೆರಚಿಕೊಂಡೆನಾ" ಎಂದು ಹೆಂಡತಿಯನ್ನು ಕೇಳಿದರು. ಅಜ್ಜಿ ಸೊಸೆಯ ಪಕ್ಕಕ್ಕೆ ಸರಿದು ಕೂತು, "ನಿನ್ನ ಮಾತು ಕೇಳ್ಬೇಕಿತ್ತು ಕಣೇ" ಎಂದರು. ಒಂದು ಮಗುವಿನ ಪರೀಕ್ಷೆಗೂ ಇನ್ನೊಂದರದಕ್ಕೂ ನಡುವೆ ಬಿಡುವು ಸಿಕ್ಕಾಗಲೆಲ್ಲ ಮೌನಗೌರಿ ಹೊರಬಂದು ಆ ಬೆಂಚಿನ ಮುಂದೆ ನಿಲ್ಲುತ್ತಿದ್ದರು. ಪುಟ್ಟಿಗೆ ಕಾಣುತ್ತದೆ ಎಂದು ಒಮ್ಮೆಯೂ ಹೇಳಲಿಲ್ಲ, ಕಾಣುವುದಿಲ್ಲ ಎಂದೂ ಹೇಳಲಿಲ್ಲ. ತಮ್ಮ ಗಂಡನ ಗೊರಕೆಯ ಕಥೆ ಹೇಳಿದರು. ಗೊರಕೆಗೆ ಸೈಕಲ್ ಎಣ್ಣೆ ನಡೆಯುತ್ತದೆಯೇ ಎಂದು ಅಜ್ಜಿ ಕೇಳಿದ್ದಕ್ಕೆ ತಾಯಿಯ ತುಟಿಯ ಅಂಚು ಒಂದಿಷ್ಟು ಮೇಲೇರಿತು.

ಊಟದ ಹೊತ್ತು ಕಳೆದ ಮೇಲೆ ಪುಟ್ಟಿ ಮತ್ತೆ ಒಳಗೆ ಬಂದಳು. ನಿದ್ದೆಯಾಗಿದೆ, ಹೊಟ್ಟೆ ತುಂಬಿದೆ, ಕಾಲು ಗಾಳಿಯಲ್ಲಿ ಸೈಕಲ್ ತುಳಿಯುತ್ತಿದೆ. ಅಪ್ಪ ಕೇಳುವ ಮೊದಲೇ ಜೇಬು ಖಾಲಿ ಮಾಡಿ, ಬೆಲ್ಟನ್ನೂ ಬಿಚ್ಚಿಟ್ಟು ಬಂದು, ಎರಡೂ ಮೊಣಕಾಲುಗಳ ಮೇಲೆ ಕೈಯೂರಿ ಕೂತರು. ದಪ್ಪ ಪಟ್ಟೆಯ ಡೋಲು ಮೇಲೇರಿತು. ಮೌನಗೌರಿ ಅದನ್ನು ಇನ್ನೂ ಹತ್ತಿರ ತಂದರು, ಬೆರಳಿನ ಹದವನ್ನು ಇನ್ನೂ ಒಂದು ಕೂದಲೆಳೆ ಇಳಿಸಿದರು.

ಮೊದಲ ಪಟ್ಟೆ ಹೋಯಿತು. ಎರಡನೆಯದು ಹೋಯಿತು. ಪುಟ್ಟಿಯ ಕಾಲು ನಿಂತಿತು. ಮುಂದಿನ ಪಟ್ಟೆಯ ಜೊತೆ, ಎಣ್ಣೆಯ ಮೇಲೆ ತೇಲುವ ಹೂವಿನ ಹಾಗೆ, ಅವಳ ಎರಡೂ ಕಣ್ಣು ಬಲಕ್ಕೆ ಜಾರಿದವು. ಜಾರಿ, ಅಂಚಿಗೆ ಬಂದು, ತಟಕ್ಕನೆ ಹಿಂದಕ್ಕೆ ಜಿಗಿದವು. ಮತ್ತೆ ಜಾರಿದವು. ಮತ್ತೆ ಜಿಗಿದವು. ಮೌನಗೌರಿ ಡೋಲನ್ನು ನಿಲ್ಲಿಸಿ ಎಡಕ್ಕೆ ತಿರುಗಿಸಿದರು. ಕಣ್ಣೂ ದಿಕ್ಕು ಬದಲಿಸಿತು. ಸದ್ದಿಗೆ ಹೊರಳುವ ಕಣ್ಣು ಹೀಗೆ ಜಾರುವುದಿಲ್ಲ. ಅಜ್ಜಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು.

"ಅಕ್ಕ?" ಎಂದರು ಡಾಕ್ಟರಮ್ಮ, ತಮಗೆ ಕಂಡಿದ್ದರೂ.

"ಬಂತು ಡಾಕ್ಟ್ರೇ. ಎರಡೂ ಕಡೆ ಬಂತು."

ಆಮೇಲೆ ಆ ಕೋಣೆಯಲ್ಲಿ ಎದ್ದ ಗದ್ದಲಕ್ಕೆ ಪುಟ್ಟಿಯೇ ಬೆಚ್ಚಿ ಅತ್ತಳು. ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿ ಅಳೆದು ತೂಗಿ ಹೇಳಿದರು. ಕಣ್ಣಿಗೆ ಪಟ್ಟೆ ಸಿಗುತ್ತಿದೆ, ಇದು ಒಳ್ಳೆಯ ಸುದ್ದಿ. ಕೆಲವು ಮಕ್ಕಳಲ್ಲಿ ನೋಟ ತಡವಾಗಿ ಬಲಿಯುತ್ತದೆ, ಇವಳದೂ ಹಾಗೆಯೇ ಇರಬಹುದು. ಆದರೆ ಮುಖ ಗುರುತಿಸುತ್ತಾಳೋ ಇಲ್ಲವೋ ಡೋಲು ಹೇಳಲಾರದು. ಒಂದು ತಿಂಗಳು ಬಿಟ್ಟು ನೋಡಬೇಕು. ಕೊನೆಗೆ ಒಂದು ಕಣ್ಣು ಮುಚ್ಚಿ ಪರೀಕ್ಷಿಸಿದಾಗ ಮೂಗಿನ ಕಡೆಗೆ ಬರುವ ಪಟ್ಟೆ ಚೆನ್ನಾಗಿ ಸಿಕ್ಕಿತು, ಮೂಗಿನಿಂದ ಆಚೆ ಹೋಗುವುದು ಅಷ್ಟಾಗಿ ಸಿಗಲಿಲ್ಲ. ಅಪ್ಪನ ಮುಖ ಮತ್ತೆ ಸಣ್ಣದಾಯಿತು.

"ಅದು ಹಾಗೇನೇ" ಎಂದು ಡಾಕ್ಟರಮ್ಮ ನಕ್ಕರು. "ಈ ವಯಸ್ಸಿನ ಕೂಸುಗಳಿಗೆಲ್ಲ ಒಂಟಿ ಕಣ್ಣಲ್ಲಿ ಒಳಗೆ ಬರೋದು ಮೊದಲು ಸಿಗತ್ತೆ, ಹೊರಗೆ ಹೋಗೋದು ಆಮೇಲೆ."

ಬಾಗಿಲು ದಾಟುವಾಗ ತಾಯಿ ನಿಂತರು. "ಅಕ್ಕ, ಆಗ ನಿಮ್ಮ ಕೈ ನಿಂತಾಗ ನನ್ನ ಜೀವ ಹೋಗಿತ್ತು."

"ಗೊತ್ತು ಕಣಮ್ಮಾ. ಸುಳ್ಳು ಸಂತೋಷ ಮನೆಗೆ ಹೊತ್ಕೊಂಡು ಹೋಗ್ಬಾರ್ದಲ್ಲ."

ಐದು ವಾರ ಕಳೆದು ಒಂದು ಬೆಳಿಗ್ಗೆ ಅದೇ ಕುಟುಂಬ ಮತ್ತೆ ಆ ಕೋಣೆಯಲ್ಲಿದೆ. ಪುಟ್ಟಿಯ ಕೆನ್ನೆ ತುಂಬಿಕೊಂಡಿದೆ. ಮನೆಯಲ್ಲಿ ಹೇಗಿದ್ದಾಳೆ ಎಂದು ಕೇಳಿದರೆ ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕಂಡಿದ್ದನ್ನು ನಂಬಲು ಈಗ ಅವರಿಗೆ ಅಂಜಿಕೆ. "ನೀವೇ ಹೇಳಿ ಡಾಕ್ಟ್ರೇ. ನಾವು ಬಾಯಿ ಬಿಡಲ್ಲ" ಎನ್ನುತ್ತಾರೆ ಅಜ್ಜಿ.

ಮೌನಗೌರಿ ಡೋಲು ಎತ್ತಿ ತಿರುಗಿಸುತ್ತಾರೆ. ಪುಟ್ಟಿ ಅದನ್ನು ಒಂದು ಗಳಿಗೆ ನೋಡುತ್ತಾಳೆ. ಕಣ್ಣು ಒಂದು ಸಲ ಜಾರುತ್ತದೆ, ಒಂದು ಸಲ ಜಿಗಿಯುತ್ತದೆ. ಆಮೇಲೆ ಅವಳು ಕತ್ತು ಹೊರಳಿಸಿ, ತನ್ನನ್ನು ಎತ್ತಿಕೊಂಡ ತಾಯಿಯ ಮುಖದ ಮೇಲೆ ಕಣ್ಣು ನೆಟ್ಟು, ಅಲ್ಲಿಯೇ ಉಳಿಯುತ್ತಾಳೆ. ಮೌನಗೌರಿ ಡೋಲನ್ನು ಅತ್ತ ತರುತ್ತಾರೆ. ಪುಟ್ಟಿ ಡೋಲಿನ ಪಕ್ಕದಿಂದ ಇಣುಕಿ ಅಮ್ಮನನ್ನೇ ನೋಡುತ್ತಾಳೆ. ದಪ್ಪ ಪಟ್ಟೆ, ಸಣ್ಣ ಪಟ್ಟೆ, ಬಲ, ಎಡ, ಯಾವುದಕ್ಕೂ ಜಗ್ಗುವುದಿಲ್ಲ.

"ಜಾರುಜಿಗಿ ಬಂತಾ ಅಕ್ಕ?"

"ಎಲ್ಲಿ ಬರತ್ತೆ ಡಾಕ್ಟ್ರೇ. ಅಮ್ಮನ್ನ ನೋಡ್ತಾ ಕೂತಿದ್ದಾಳೆ. ಪಟ್ಟೆ ನೋಡೋಕೆ ಪುರುಸೊತ್ತಿಲ್ಲ ಇವಳಿಗೆ."

ಡಾಕ್ಟರಮ್ಮ ಬರೆಯುವುದನ್ನು ಬಿಟ್ಟು ತಲೆಯೆತ್ತುತ್ತಾರೆ. ಮೌನಗೌರಿ ಡೋಲನ್ನು ಕಪಾಟಿನೊಳಗೆ ಇಟ್ಟು, ಮಗುವನ್ನು ಅಜ್ಜಿಯ ಮಡಿಲಿಗೆ ಕೊಡಿಸಿ, ತಾಯಿಯ ತೋಳು ಹಿಡಿದು ಮಗುವಿನ ಎದುರಿಗೆ, ಡೋಲು ಹಿಡಿಯುವವರು ನಿಲ್ಲುವ ಜಾಗದಲ್ಲಿ ನಿಲ್ಲಿಸುತ್ತಾರೆ. ಸದ್ದು ಮಾಡದೆ ಪಕ್ಕಕ್ಕೆ ಸರಿಯಿರಿ ಎಂದು ತಾಯಿಗೆ ಹೇಳುತ್ತಾರೆ. ತಾಯಿ ಬಲಕ್ಕೆ ಒಂದು ಹೆಜ್ಜೆ ಸರಿಯುತ್ತಾರೆ. ಪುಟ್ಟಿಯ ಕಣ್ಣು ಬಲಕ್ಕೆ ಬರುತ್ತದೆ. ಎಡಕ್ಕೆ ಸರಿದರೆ ಎಡಕ್ಕೆ. ಜಿಗಿತವಿಲ್ಲ, ತಡವರಿಕೆಯಿಲ್ಲ, ಬರೀ ಜಾರು. ತಾಯಿ ಅಷ್ಟಕ್ಕೇ ನಿಲ್ಲುತ್ತಾರೆ. ಇನ್ನೂ ದೂರ ಹೋದರೆ ಎಲ್ಲಿ ಆ ನೋಟ ಕಡಿದುಹೋದೀತೋ ಎಂದು ಕಾಲು ಮುಂದೆ ಬರುವುದಿಲ್ಲ.

"ಹೋಗಿ ತಾಯಿ" ಎನ್ನುತ್ತಾರೆ ಮೌನಗೌರಿ. "ಬಾಗಿಲವರೆಗೂ ಹೋಗಿ. ಕಣ್ಣಲ್ಲೇ ಹಿಂದೆ ಬರ್ತಾಳೆ."